ಎಂಟು ಹೊಲದ ಲೆಕ್ಕ

ಮೂವತ್ತೆಂಟನೇ ಗಿಡಕ್ಕೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಎದ್ದು ನಿಂತರೆ ಎಣಿಕೆ ತಪ್ಪುತ್ತದೆ ಎಂದು ಅವಳು ಮಂಡಿಯೂರಿದಲ್ಲೇ ಬೆನ್ನನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿ, ಎಲೆ ಸರಿಸಿ ಮುಂದಿನ ಗೆಣ್ಣಿಗೆ ಹೋದಳು. ಸೋಯಾ ಗಿಡದ ಒಂದೊಂದು ಗೆಣ್ಣಿನಲ್ಲೂ ಈ ಹೊತ್ತಿಗೆ ಹೂವೋ ಎಳೆಗಾಯಿಯೋ ಇರಬೇಕು. ಇಲ್ಲಿ ಹೂವು ಉದುರಿದ ಗುರುತು ಮಾತ್ರ ಇತ್ತು, ಸೂಜಿಮೊನೆಯಷ್ಟು. ಅದನ್ನೂ ಬರೆದುಕೊಳ್ಳಬೇಕು. ಹಾಳೆಯಲ್ಲಿ ಉದುರಿ ಹೋದದ್ದಕ್ಕೂ ಒಂದು ಕಾಲಂ ಇದೆ.

ಮಳೆ ನಿಂತು ಇಪ್ಪತ್ತಮೂರು ದಿನವಾಗಿತ್ತು. ನೆಲ ಬಿರುಕು ಬಿಟ್ಟು, ಪೆನ್ನು ಜಾರಿ ಬಿದ್ದರೆ ಸಿಗದಷ್ಟು ಬಾಯಿ ತೆರೆದಿತ್ತು. ಹೊಲದ ಯಜಮಾನ, ಯಾವಾಗಲೂ ಹುಲ್ಲಿನ ಟೋಪಿ ಹಾಕಿಕೊಂಡಿರುವ ಮುದುಕ, ಒಂದು ತಂಬಿಗೆ ನೀರು ಹಿಡಿದುಕೊಂಡು ಬಂದು ಬದುವಿನ ಮೇಲೆ ಕೂತ.

"ಉಳಿಯುತ್ತೇನಮ್ಮ?"

"ಎಣಿಸೋದಷ್ಟೇ ನನ್ನ ಕೆಲಸ, ದೊಡ್ಡಪ್ಪ."

"ಗೊತ್ತು, ಗೊತ್ತು. ಹೇಳೋ ಹಾಗಿಲ್ಲ ನೀನು. ನನ್ನ ಹೊಲದ ವಿಷಯ ನನಗೇ ಹೇಳೋ ಹಾಗಿಲ್ಲ! ಸುಮ್ನೆ ಬಾಯಿ ತುರಿಸ್ತು, ಕೇಳಿದೆ. ತಗೋ, ನೀರು ಕುಡಿ. ನೀರು ಕುಡಿಯೋಕೆ ಇಲಾಖೆಯವರದ್ದೇನೂ ಅಡ್ಡಿ ಇಲ್ಲವಲ್ಲ?"

ಅವಳು ನಕ್ಕು ತಂಬಿಗೆ ಎತ್ತಿದಳು. ಇಂಥ ಬಿಸಿಲಲ್ಲಿ ಆ ನೀರು ಗಂಟಲಿನಿಂದ ಮಂಡಿಯವರೆಗೂ ಇಳಿದಂತಾಯಿತು.

ಅವಳ ಕೆಲಸ ಇಷ್ಟು. ಕೃಷಿ ಇಲಾಖೆ ಚೀಟಿ ಎತ್ತಿ ಆರಿಸಿದ ಎಂಟು ಹೊಲ, ನಾಲ್ಕು ಮೆಕ್ಕೆಜೋಳ, ನಾಲ್ಕು ಸೋಯಾ. ಒಂದೊಂದರಲ್ಲೂ ಎರಡು ಮಂಚದಷ್ಟು ಜಾಗಕ್ಕೆ ಗೂಟ ನೆಟ್ಟಿರುತ್ತಾರೆ. ಬೆಳೆ ಬರುವ ತಿಂಗಳುಗಳಲ್ಲಿ ಆಗಾಗ ಹೋಗಿ ಆ ಗೂಟಗಳೊಳಗಿನ ಗಿಡ, ಹೂವು, ಕಾಯಿ, ತೆನೆ ಎಣಿಸಿ, ಹಾಳೆ ಮಡಚಿ, ಅರಗು ಹಾಕಿ ಕಳಿಸಬೇಕು. ಅವಳಂಥ ಎಣಿಸುವವರು ದೇಶದ ತುಂಬ ಸಾವಿರಾರು ಜನ. ಎಲ್ಲರ ಹಾಳೆಯೂ ಸೇರಿ, ತಿಂಗಳ ಹತ್ತನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ರೇಡಿಯೋದಲ್ಲಿ ಈ ಸಲ ದೇಶಕ್ಕೆ ಇಷ್ಟು ಧಾನ್ಯ, ಇಷ್ಟು ಸೋಯಾ ಎಂದು ಬರುತ್ತದೆ. ಅಲ್ಲಿಯವರೆಗೆ ಯಾರಿಗೂ ಒಂದು ಮಾತು ಹೇಳುವಂತಿಲ್ಲ. ಒಂದು ಮಾತು ಜಾರಿದರೂ ಗೋದಾಮಿನವರು ಬಾಗಿಲು ಹಾಕಿಕೊಳ್ಳುತ್ತಾರೆ, ಪೇಟೆಯಲ್ಲಿ ಬೆಲೆ ಕುಣಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಕಚೇರಿಯಲ್ಲಿ ಕೈ ಎತ್ತಿ ಪ್ರಮಾಣ ಮಾಡಿದ್ದಳು. ಗಂಡನಿಗೂ ಹೇಳುವುದಿಲ್ಲ ಎಂದು ಬೇರೆ ಸಾಲೇ ಇತ್ತು ಅದರಲ್ಲಿ. ಆಗ ನಗು ಬಂದಿತ್ತು.

ಬೀದಿಯಲ್ಲಿ ಅವಳನ್ನು ಲೆಕ್ಕದಕ್ಕ ಅನ್ನುತ್ತಿದ್ದರು.

ಗಂಡನದು ಕೋಳಿ ಕಸುಬು. ಮನೆಯ ಹಿಂದೆ ಎರಡು ಶೆಡ್ಡು, ಸಾವಿರದ ಇನ್ನೂರು ಮೊಟ್ಟೆ ಕೋಳಿ. ಅವು ತಿನ್ನುವುದು ಮೆಕ್ಕೆಜೋಳದ ನುಚ್ಚು ಮತ್ತು ಸೋಯಾ ಹಿಂಡಿ. ಆಕಾಶ ಮುನಿಸಿಕೊಂಡರೆ ಬೇರೆ ಮನೆಗಳಲ್ಲಿ ಹೊಲದ ಚಿಂತೆ. ಈ ಮನೆಯಲ್ಲಿ ಹೊಲವಿಲ್ಲ, ಚಿಂತೆ ಮಾತ್ರ ಇತ್ತು.

"ಹೇಗಿದೆ?" ಎಂದ ಗಂಡ ಅವತ್ತು ಊಟಕ್ಕೆ ಕೂತವನೇ.

"ಏನು, ಪಲ್ಯವಾ?"

"ಪಲ್ಯ ನನ್ನೆದುರಿಗೇ ಇದೆಯಲ್ಲ. ಹೊಲ."

"ಹೊಲ ಹೊಲದಲ್ಲಿದೆ."

ಮಗಳು ಕಿಸಕ್ಕೆಂದಳು. ಹದಿನೇಳರ ಹುಡುಗಿ, ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಮೂರು ಬೇಕರಿಗೆ ಮೊಟ್ಟೆ ಮುಟ್ಟಿಸಿ ಆಮೇಲೆ ಕಾಲೇಜಿಗೆ ಹೋಗುವವಳು. ಮನೆಯಲ್ಲಿ ಯಾರಿಗೂ ಹೆದರುವವಳಲ್ಲ.

"ನಾನೇನು ಹಾಳೆ ತೋರಿಸು ಅಂದ್ನಾ?" ಗಂಡ ತಟ್ಟೆ ಸರಿಸಿದ. "ಹೂಂ ಅನ್ನು, ಇಲ್ಲ ಉಹೂಂ ಅನ್ನು. ಸಾವಿರದ ಇನ್ನೂರು ಹೊಟ್ಟೆ ನನ್ನ ಮುಖ ನೋಡ್ತಾ ಕೂತಿವೆ. ಹಿಂಡಿ ಬೆಲೆ ಏರಿಬಿಟ್ರೆ ಮೊಟ್ಟೆ ಮಾರಿ ಅವಕ್ಕೆ ಉಣ್ಣಿಸೋದಾ, ನಿಮಗೆ ಉಣ್ಣಿಸೋದಾ? ಈಗಲೇ ಕೋಳಿ ಕಡಿಮೆ ಮಾಡ್ಕೋಬೇಕೋ ಬೇಡವೋ, ಅಷ್ಟು ಗೊತ್ತಾದ್ರೆ ಸಾಕು."

"ನನಗೆ ಗೊತ್ತಿರೋದು ಎಂಟು ಹೊಲ ಕಣ್ರೀ. ದೇಶದಲ್ಲಿ ಎಷ್ಟು ಹೊಲ ಇವೆಯೋ."

"ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಚುಕಿದ್ರೆ ಸಾಕು."

"ಒಂದೇ ಪಾತ್ರೆ ಆದ್ರೆ ಸಾಕು," ಎಂದರು ಅತ್ತೆ, ತಟ್ಟೆಯಿಂದ ತಲೆ ಎತ್ತದೆ. "ಒಂದೊಂದು ಸೀಮೆಲಿ ಒಂದೊಂದು ಒಲೆ ಉರಿಯುವಾಗ ಒಂದಗುಳು ಹಿಚುಕಿ ಏನು ಮಾಡ್ತೀಯಾ? ಸುಮ್ನೆ ಉಣ್ಣು."

ಅತ್ತೆ ಅವಳ ಕೆಲಸದ ಬಗ್ಗೆ ಹನ್ನೊಂದು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ. ಒಳ್ಳೆಯದೇ ಆಯಿತು ಎಂದುಕೊಂಡರೂ ಅವಳಿಗೆ ಒಳಗೊಳಗೇ ಒಂದು ಸಣ್ಣ ಕೊರಗಿತ್ತು. ಸೊಸೆ ದಿನವಿಡೀ ಬಿಸಿಲಲ್ಲಿ ಏನು ಮಾಡಿ ಬರುತ್ತಾಳೆ ಎಂದು ತಿಳಿಯುವ ಆಸೆಯೂ ಇಲ್ಲವಲ್ಲ ಇವರಿಗೆ, ಎಂದು.

ಆ ಶನಿವಾರ ಕಿರಾಣಿ ಅಂಗಡಿಯಲ್ಲಿ ಸೋಯಾ ಎಣ್ಣೆಯ ಡಬ್ಬಗಳು ಲಾರಿಯಿಂದ ಇಳಿಸುವಾಗ ಬಿದ್ದು ನೆಗ್ಗಿದ್ದವು. ಸೋರಿರಲಿಲ್ಲ. ಅಂಗಡಿಯವನು ಕಡಿಮೆಗೆ ಕೊಡುತ್ತೇನೆ ಎಂದ. ಅವಳು ಎರಡು ದೊಡ್ಡ ಡಬ್ಬ ತೆಗೆದುಕೊಂಡು ಮೊಪೆಡ್ಡಿನ ಎರಡೂ ಕಡೆ ತೂಗುಹಾಕಿಕೊಂಡು ಬೀದಿಯುದ್ದಕ್ಕೂ ಬಂದಳು. ಮಾಡಿದ ತಪ್ಪು ಅಷ್ಟೇ.

ಸಂಜೆಯೊಳಗೆ ಅಂಗಡಿಯಲ್ಲಿ ಎಣ್ಣೆ ಖಾಲಿ. ನೆಗ್ಗದ ಡಬ್ಬಗಳೂ ಖಾಲಿ. ದರ್ಜಿಯ ಹೆಂಡತಿ ಮೂರು ಡಬ್ಬ ಒಯ್ದಳಂತೆ. ಅವಳ ಮನೆಯಲ್ಲಿರುವುದೇ ಇಬ್ಬರು. "ಲೆಕ್ಕದಕ್ಕನೇ ಎರಡೆರಡು ಕೂಡಿಡ್ತಿದಾಳೆ ಅಂದ್ರೆ ಸೋಯಾ ಕತೆ ಮುಗೀತು" ಎಂಬ ಸುದ್ದಿ ಸೈಕಲ್ ರಿಪೇರಿಯವನ ಹತ್ತಿರ ಹೋಗಿ, ಅಲ್ಲಿಂದ ಚಹದಂಗಡಿಗೆ ಹೋಗಿ, ಅಲ್ಲಿ ಕೂತಿದ್ದ ಅವಳ ಗಂಡನ ಕಿವಿಗೇ ಬಂತು. ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದು, ಕೋಳಿ ದಲ್ಲಾಳಿಯ ಮನೆಗೆ ಹೋಗಿ, ಎಳೆಯ ಕೋಳಿಗಳ ಶೆಡ್ಡು ಪೂರ್ತಿ, ಆರುನೂರು ಕೋಳಿ, ಎರಡು ವಾರ ಬಿಟ್ಟು ಬರುವ ಸೋಮವಾರಕ್ಕೆ ಕೊಡುತ್ತೇನೆಂದು ಮಾತು ಕೊಟ್ಟು ಬಂದ. ಈ ದಲ್ಲಾಳಿಯ ಮೀಸೆ ಅವನಿಗಿಂತ ಮೊದಲು ಬಾಗಿಲು ದಾಟುವಂಥದು. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು.

"ಎಳೇವಾ?" ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. "ಮೊಟ್ಟೆ ಇಡೋಕೆ ಶುರು ಮಾಡಿ ತಿಂಗಳಾಗಿಲ್ಲ ಕಣೋ. ಮರಿಯಾಗಿದ್ದಾಗ ಬಲ್ಬಿನ ಕೆಳಗೆ ಕೂತು ಸಾಕಿದೀನಿ ನಾನು."

"ಎಳೇವಕ್ಕೇ ಅಮ್ಮ ಬೆಲೆ. ಹಳೇವನ್ನ ಮೀಸೆ ಮುಟ್ಟಲ್ಲ."

"ಯಾರನ್ನ ಕೇಳಿ ಮಾತು ಕೊಟ್ರಿ?" ಎಂದಳು ಅವಳು.

"ಯಾರನ್ನ ಕೇಳ್ಲಿ? ನೀನಂತೂ ಬಾಯಿ ಬಿಡಲ್ಲ. ಡಬ್ಬ ಬಾಯಿ ಬಿಡ್ತು."

"ಡಬ್ಬ ನೆಗ್ಗಿತ್ತು ಕಣ್ರೀ! ನೆಗ್ಗಿದ್ದಕ್ಕೆ ಕಡಿಮೆಗೆ ಕೊಟ್ಟ, ತಗೊಂಡು ಬಂದೆ."

ಗಂಡನ ಕಣ್ಣು ಅರಳಿತು. "ಅಂದ್ರೆ ಬೆಳೆ ಚೆನ್ನಾಗಿದೆ ಅಂತಾಯ್ತು."

"ನಾನು ಹಾಗಂದ್ನಾ?"

"ಹಾಗಾದ್ರೆ ಚೆನ್ನಾಗಿಲ್ಲ."

"ಹಾಗೂ ಅನ್ನಲಿಲ್ಲ."

"ಮತ್ತೇನಂದೆ?"

"ಡಬ್ಬ ನೆಗ್ಗಿತ್ತು ಅಂದೆ."

"ಅಪ್ಪ, ಅಮ್ಮ ಈಗ ಕೆಮ್ಮಿದ್ರೂ ಕಷ್ಟ, ಕೆಮ್ಮದಿದ್ರೂ ಕಷ್ಟ," ಎಂದಳು ಮಗಳು. "ನಾಳೆ ಅವಳು ಸಾಸಿವೆ ತಂದ್ರೆ ನೀನು ನನ್ನ ಸೈಕಲ್ ಮಾರ್ತೀಯಾ."

ಗಂಡ ಎದ್ದು ಕೈ ತೊಳೆಯುತ್ತ, "ಮನೆಗೆ ಆಗದ ಕೆಲಸ ಯಾಕೆ ಬೇಕು ಹೇಳು? ಬಿಟ್ಟುಬಿಡು," ಎಂದ. ಕೂಗಲಿಲ್ಲ. ಕೂಗಿದ್ದರೆ ಅವಳೂ ಕೂಗಬಹುದಿತ್ತು.

ಎಳೆಯ ಕೋಳಿ ಒಮ್ಮೆ ಹೋದರೆ ಮತ್ತೆ ಮರಿ ತಂದು, ಸಾಕಿ, ಮೊಟ್ಟೆ ಕಾಣಲು ಹೆಚ್ಚುಕಡಿಮೆ ಅರ್ಧ ವರ್ಷ. ಬೇಕರಿಗಳು ಅಷ್ಟು ದಿನ ಕಾಯುವುದಿಲ್ಲ, ಬೇರೆಯವರನ್ನು ಹಿಡಿಯುತ್ತವೆ. ಅದು ಎಲ್ಲರಿಗೂ ಗೊತ್ತಿತ್ತು. ಗಂಡನಿಗೂ.

ಆಮೇಲಿನ ಬುಧವಾರ ಸಂಜೆ, ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಶೆಡ್ಡಿನ ತಗಡಿನ ಮೇಲೆ ಯಾರೋ ಒಂದು ಹಿಡಿ ಕಾಳು ಎಸೆದಂತಾಯಿತು. ಮತ್ತೊಂದು ಹಿಡಿ. ಆಮೇಲೆ ಯಾರೋ ಚೀಲವನ್ನೇ ಬಿಚ್ಚಿ ಸುರಿದರು. ಮಗಳು ಚಪ್ಪಲಿಯಿಲ್ಲದೆ ಅಂಗಳಕ್ಕೆ ಓಡಿದಳು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ದರ್ಜಿ ತನ್ನ ಅಂಗಡಿಯ ಮುಂದೆ ಅಳತೆಯ ಪಟ್ಟಿ ಕೊರಳಿಗೆ ಹಾಕಿಕೊಂಡೇ ತೊಯ್ಯುತ್ತ ನಿಂತ. ಕೋಳಿಗಳು ಕೂಡ ಒಂದು ಗಳಿಗೆ ಸದ್ದು ನಿಲ್ಲಿಸಿದವು.

"ಈಗ ಬಂದೇನು ಪ್ರಯೋಜನ," ಎಂದ ಗಂಡ ಬಾಗಿಲಲ್ಲಿ ನಿಂತು. ಆದರೂ ಅಂಗೈ ಹೊರಗೆ ಚಾಚಿಯೇ ಇದ್ದ.

"ಬಂದದ್ದಕ್ಕೆ ಯಾಕೆ ಬಂದೆ ಅನ್ನಬಾರದು," ಎಂದರು ಅತ್ತೆ. ಕೂತಲ್ಲಿಂದಲೇ ಕೈ ಮುಗಿದರು.

ಮಳೆ ಮೂರು ದಿನ ಹಿಡಿದೂ ಬಿಟ್ಟೂ ಬಂತು. ವಾರ ಬಿಟ್ಟು, ಗುರುವಾರ, ಅವಳ ಎರಡನೇ ಎಣಿಕೆ. ಮೀಸೆ ಬರುವ ಸೋಮವಾರಕ್ಕೆ ನಾಲ್ಕು ದಿನವಿತ್ತು.

ಮೊದಲು ಮೆಕ್ಕೆಜೋಳದ ಹೊಲಗಳು. ಅಲ್ಲಿ ಮಳೆಗೆ ಮಾಡಲು ಏನೂ ಉಳಿದಿರಲಿಲ್ಲ. ಜೋಳಕ್ಕೆ ತೆನೆ ಕಟ್ಟುವ ಹತ್ತು ದಿನಗಳಿರುತ್ತವೆ, ಗರಿಯ ಪುಡಿ ಜುಟ್ಟಿನ ಮೇಲೆ ಬೀಳುವ ದಿನಗಳು; ಆ ಹತ್ತೂ ದಿನ ಬಿಸಿಗಾಳಿಯಲ್ಲಿ ಕಳೆದಿದ್ದವು. ಸಿಪ್ಪೆ ಬಿಡಿಸಿದರೆ ಹಲ್ಲು ಬಿದ್ದ ಬಾಯಂತೆ ಅಲ್ಲಲ್ಲಿ ಕಾಳು. ಬರೆದುಕೊಂಡಳು.

ಮಧ್ಯಾಹ್ನ ಟೋಪಿ ಮುದುಕನ ಸೋಯಾ ಹೊಲಕ್ಕೆ ಬಂದು ಮಂಡಿಯೂರಿ ಮೊದಲ ಗಿಡದ ಎಲೆ ಎತ್ತಿದಳು. ಎತ್ತಿದವಳು ಹಾಗೇ ಹಿಡಿದುಕೊಂಡಳು. ಕೆಳಗಿನ ಗೆಣ್ಣುಗಳು ಖಾಲಿ. ಆದರೆ ಮೇಲೆ, ಮಳೆ ಬಂದ ಮೇಲೆ ಚಿಗುರಿದ ಪ್ರತಿ ಗೆಣ್ಣಿನಲ್ಲೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿಯ ಹೂವು, ನಾಲ್ಕು, ಐದು, ಆರು. ಅವುಗಳ ನಡುವೆ ನವಿರಾದ ಕೂದಲಿನ ಎಳೆಗಾಯಿ. ಎರಡನೇ ಗಿಡ. ಮೂರನೇದು. ಎಣಿಸುತ್ತ ಎಣಿಸುತ್ತ ನೂರ ಹನ್ನೆರಡಕ್ಕೆ ಬಂದಾಗ ಕಣ್ಣು ಮಂಜಾಯಿತು. ಒರೆಸಿಕೊಂಡು ತಪ್ಪಿರಬಹುದೆಂದು ಮತ್ತೆ ಒಂದರಿಂದ ಶುರು ಮಾಡಿದಳು. ಬೇಸರವೆನಿಸಲಿಲ್ಲ. ಉಳಿದ ಮೂರು ಸೋಯಾ ಹೊಲದಲ್ಲೂ ಕಂಡದ್ದು ಇದೇ.

ಮನೆಗೆ ಬಂದಾಗ ಗಂಡ ಶೆಡ್ಡಿನ ಮುಂದೆ ಕೂತು, ಕೋಳಿ ಸಾಗಿಸುವ ಕ್ರೇಟುಗಳ ಮುರಿದ ಬಾಗಿಲಿಗೆ ತಂತಿ ಕಟ್ಟುತ್ತಿದ್ದ. ಅವನ ಬೆರಳಿಗೆ ತಂತಿ ತರಚಿ ರಕ್ತ ಬಂದಿತ್ತು. ಅವಳು ಹತ್ತಿರ ಹೋಗಿ ನಿಂತಳು. ನಾಲಗೆಯ ತುದಿಯಲ್ಲಿ ಒಂದೇ ಒಂದು ಮಾತಿತ್ತು. ತಾಳಿ, ಅಂದರೆ ಸಾಕಿತ್ತು.

"ಏನು?" ಎಂದ ಅವನು ತಲೆ ಎತ್ತಿ.

"ಊಟಕ್ಕೆ ಬನ್ನಿ."

ಅವತ್ತು ಅನ್ನ ತಳ ಹಿಡಿದಿತ್ತು. ಮೊಟ್ಟೆಗೆ ಉಪ್ಪು ಎರಡು ಸಲ ಬಿದ್ದಿತ್ತು. ಗಂಡ ಒಂದು ತುತ್ತು ಬಾಯಿಗಿಟ್ಟು, "ಇದೂ ಇಲಾಖೆಯ ಗುಟ್ಟಾ?" ಎಂದ. ಅವಳು ಎದ್ದು ಒಳಗೆ ಹೋದಳು. ಅತ್ತೆ ಅವಳ ಬೆನ್ನನ್ನು ನೋಡಿದರು, ಮಗನನ್ನು ನೋಡಿದರು, ತಟ್ಟೆಯಲ್ಲಿದ್ದದ್ದನ್ನು ನೀರು ಕುಡಿದುಕೊಂಡು ಪೂರ್ತಿ ತಿಂದರು.

ಮರುದಿನ ಸಂಜೆ ಎಲ್ಲರೂ ಕೂತು ಊಟ ಶುರು ಮಾಡಿದ ಮೇಲೆ ಅತ್ತೆ ಹೇಳಿದರು:

"ನಾನಿವತ್ತು ಹೊಲ ನೋಡ್ಕೊಂಡು ಬಂದೆ."

"ಯಾವ ಹೊಲ?" ಗಂಡ ಕೇಳಿದ.

"ಹೆದ್ದಾರಿ ಪಕ್ಕದ್ದು. ಸೋಯಾ."

"ಆ ಮಂಡಿ ಇಟ್ಕೊಂಡು? ಅಷ್ಟು ದೂರ?"

"ಕಾಲಿಲ್ಲದೋರಿಗೂ ಬಸ್ಸು ಅಂತ ಒಂದಿದೆಯಲ್ಲ. ಹೋದೆ, ಇಳಿದೆ, ಬಗ್ಗಿದೆ, ನೋಡಿದೆ, ಬಂದೆ. ನನ್ನ ಕಣ್ಣು, ನನ್ನ ಟಿಕೆಟ್ಟು. ನಾನು ಯಾರಿಗೂ ಯಾವ ಪ್ರಮಾಣನೂ ಮಾಡಿಲ್ಲ."

"ಏನು ಕಂಡೆ?"

"ಹೂವು ಕಂಡೆ. ಎಲೆ ಎತ್ತಿದ್ರೆ ಬೆಳ್ಳಗೆ, ಗೆಣ್ಣಿಗೆ ಐದು ಆರು. ಇಷ್ಟಿಷ್ಟು ಕಾಯಿ." ಕಿರುಬೆರಳ ಉಗುರು ತೋರಿಸಿದರು. "ಮದುವೆಗೆ ಮುಂಚೆ ಹೊಲದಲ್ಲಿ ಬೆನ್ನು ಬಗ್ಗಿಸಿದೋಳು ಕಣೋ ನಾನು. ಜೋಳ ಹಟಮಾರಿ, ಕೇಳಿದ ಹತ್ತು ದಿನದಲ್ಲಿ ನೀರು ಸಿಗದಿದ್ರೆ ಮುಖ ತಿರುಗಿಸ್ಕೊಂಡು ಹೋಗಿಬಿಡುತ್ತೆ. ಜೋಳ ಹೋಯ್ತು, ಅದು ರಸ್ತೆಲಿ ಹೋಗೋರಿಗೂ ಕಾಣುತ್ತೆ. ಸೋಯಾ ಹಾಗಲ್ಲ. ಮುನಿಸ್ಕೊಂಡು ಹೂ ಉದುರಿಸುತ್ತೆ, ಆಮೇಲೆ ಮಳೆರಾಯ ಬಂದು ಮಾತಾಡಿಸಿದ್ರೆ ಮತ್ತೆ ಬಿಡುತ್ತೆ."

"ಅಜ್ಜಿ ಥರ," ಎಂದಳು ಮಗಳು.

"ನಿನ್ನಮ್ಮನ ಥರ," ಎಂದರು ಅತ್ತೆ. "ನಾನು ಜೋಳ."

ಗಂಡ ತಟ್ಟೆಯಲ್ಲಿ ಬೆರಳು ಓಡಿಸಿದ. ಹೆಂಡತಿಯ ಮುಖ ನೋಡಿದ. ಅವಳು ಮಗಳ ತಟ್ಟೆಗೆ ಪಲ್ಯ ಬಡಿಸುತ್ತಿದ್ದಳು, ಮಗಳು ಸಾಕು ಸಾಕು ಎಂದರೂ ಬಡಿಸುತ್ತಿದ್ದಳು.

"ಹಿಂಡಿ ಸಿಗುತ್ತೆ ಅನ್ನು. ಜೋಳ ತುಟ್ಟಿ ಆಗುತ್ತಲ್ಲ?"

"ಆಗುತ್ತೆ. ಹಳೇ ಕೋಳಿ ಹೇಗೂ ಎರಡು ಮೂರು ತಿಂಗಳಲ್ಲಿ ಕೊಡೋವೇ. ಅದರಲ್ಲಿ ಇನ್ನೂರು ಈಗಲೇ ಕೊಡು. ಎಳೇವನ್ನ ಮುಟ್ಟಬೇಡ."

"ಮೀಸೆಗೆ ಮಾತು ಕೊಟ್ಟಿದೀನಿ."

"ಮಾತನ್ನ ನಾನು ವಾಪಸ್ ತರ್ತೀನಿ. ಫೋನ್ ಹಚ್ಚು."

ಹಚ್ಚಿಕೊಟ್ಟ. ಅತ್ತೆ ಫೋನನ್ನು ಬಾಯಿಗೆ ಅಡ್ಡ ಹಿಡಿದು ಶುರು ಮಾಡಿದರು. "ಯಾರಪ್ಪ, ಮೀಸೆನಾ? ನಾನು, ಕೋಳಿಯವನ ತಾಯಿ. ನೋಡಪ್ಪ, ನಿನ್ನ ತಾಯಿ ನೀನು ಹುಟ್ಟೋ ಮುಂಚಿಂದ ನನಗೆ ಗೊತ್ತು… ಹೂಂ… ಆರುನೂರಲ್ಲ, ಇನ್ನೂರು… ಎಳೇವಲ್ಲ, ಹಳೇವು… ಅಯ್ಯೋ, ಮುಟ್ಟದೆ ಏನು, ನಿನಗೇನು ಹೊಸದಾಗಿ ಹಲ್ಲು ಬಂದಿದೆಯಾ? ಬೇಯಿಸಿದ್ರೆ ಎಲ್ಲಾ ಕೋಳಿನೂ ಮೆತ್ತಗೇ… ಹೂಂ, ಹೂಂ. ದೇವರು ಒಳ್ಳೇದು ಮಾಡ್ಲಿ. ಮೀಸೆ ತೊಯ್ಸಿಕೊಂಡು ನೆಗಡಿ ತಂದ್ಕೋಬೇಡ, ಇಡ್ತೀನಿ."

ಸೋಮವಾರ ಮೀಸೆ ಬಂದು ಗೊಣಗುತ್ತಲೇ ಇನ್ನೂರು ಹಳೆಯ ಕೋಳಿ ತುಂಬಿಕೊಂಡು ಹೋದ. ಎಳೆಯವು ಅವತ್ತು ಐನೂರ ಮೂವತ್ತು ಮೊಟ್ಟೆ ಇಟ್ಟವು. ಗಂಡ ಬುಟ್ಟಿ ಎತ್ತಿ ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಅವಳ ಕಡೆ ನೋಡದೆ, "ಕೆಲಸ ಬಿಡು ಅಂದದ್ದನ್ನ ಮನಸ್ಸಿಗೆ ಹಚ್ಕೋಬೇಡ. ಅವತ್ತು ತಲೆ ಕೆಟ್ಟಿತ್ತು," ಎಂದ.

"ನನಗೂ ಕೆಟ್ಟಿತ್ತು. ಉಪ್ಪು ಎರಡು ಸಲ ಹಾಕಿದ್ದೆ."

"ಮೂರು ಸಲ," ಎಂದು ಹೊರಟುಹೋದ.

ಮಂಗಳವಾರ ಅವಳು ಮೊಪೆಡ್ಡಿನಲ್ಲಿ ಹಾಳೆಗಳ ಲಕೋಟೆ ಕೊಡಲು ಕಚೇರಿಗೆ ಹೋಗುತ್ತಿದ್ದಾಗ, ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿದಳು. ಅತ್ತೆ ಬಗ್ಗಿ ನೋಡಿದ ಹೊಲವನ್ನು ತಾನೂ ಒಮ್ಮೆ ನೋಡೋಣ ಅನಿಸಿತು, ಕೃತಜ್ಞತೆ ಹೇಳಲು ಬೇರೆ ದಾರಿ ತೋಚದೆ. ಚರಂಡಿ ದಾಟಿ, ಎಲೆ ಎತ್ತಿದಳು. ಹೂವು ತುಂಬಿತ್ತು. ನೇರಳೆ ಬಣ್ಣದ್ದು.

ಪಕ್ಕದ ಹೊಲಕ್ಕೆ ಹೋದಳು. ಅಲ್ಲೂ ನೇರಳೆ. ಆಚೆಯದು, ಅದರಾಚೆಯದು, ಬಸ್ಸು ನಿಲ್ಲುವ ಕಡೆಯೆಲ್ಲ ಒಂದೇ ಬಿತ್ತನೆ ಬೀಜ, ನೇರಳೆ ಹೂವು. ಬಿಳಿ ಹೂವಿನ ಸೋಯಾ ಈ ಸುತ್ತಿನಲ್ಲಿ ಇದ್ದದ್ದು ಬಸ್ಸೂ ಹೋಗದ ಒಳಗಿನ ದಾರಿಯಲ್ಲಿ, ಟೋಪಿ ಮುದುಕನದೂ ಸೇರಿ ಅವಳು ಎಣಿಸುವ ಹೊಲಗಳಲ್ಲಿ. ಬೆಳ್ಳಗೆ, ಗೆಣ್ಣಿಗೆ ಐದು ಆರು, ಎಂದಿದ್ದರು ಅತ್ತೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಅರ್ಥವಾದದ್ದು ಎರಡು ದಿನ ಬಿಟ್ಟು, ಬಟ್ಟೆ ಒಗೆಯುವ ದಿನ. ಆ ವಾರ ಇನ್ನೊಮ್ಮೆ ಮುದುಕನ ಹೊಲಕ್ಕೆ ಹೋಗಿ, ಮಳೆಗೆ ವಾಲಿದ್ದ ಗೂಟಗಳನ್ನು ನೆಟ್ಟಗೆ ಮಾಡಿ ಬಂದಿದ್ದಳು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಅತ್ತೆ ಬಾನಿಯ ಪಕ್ಕ ಮಣೆಯ ಮೇಲೆ ಕೂತು, ಅವಳ ಹೊಲದ ಷರಟು ತೊಡೆಯ ಮೇಲೆ ಹರಡಿಕೊಂಡಿದ್ದರು. ಹಳೆಯ ಪತ್ರಿಕೆಯ ಹಾಳೆ ಹಾಸಿ, ಜೇಬನ್ನು ಒಳಹೊರಗು ಮಾಡಿ ಕೊಡವಿದರು. ಪ್ಯಾಂಟಿನ ಕಾಲಿನ ಮಡಿಕೆ ಬಿಡಿಸಿ ಕೊಡವಿದರು. ಒಣಗಿದ ಬಿಳಿಯ ಎಸಳುಗಳು, ಒಂದಿಷ್ಟು ಮಣ್ಣು, ಉಗುರಿನಷ್ಟು ಎಳೆಗಾಯಿ. ಅತ್ತೆ ಬೆರಳಿನ ತುದಿಯಿಂದ ಅವನ್ನು ಒಂದೊಂದಾಗಿ ಸರಿಸಿದರು. ತುಟಿ ಆಡುತ್ತಿತ್ತು, ಎಣಿಸುವವರ ಹಾಗೆ. ಒಂದು ಕಾಯಿಯನ್ನು ಹಿಚುಕಿ, ಒಳಗೆ ಕಾಳು ಕೂತಿದೆಯೇ ಎಂದು ನೋಡಿದರು. ಆಮೇಲೆ ಹಾಳೆ ಮಡಚಿ ಕೋಳಿಗಳ ಕಡೆ ಕೊಡವಿ, ಷರಟನ್ನು ನೀರಿಗೆ ಹಾಕಿದರು.

ಅವಸರವೇನೂ ಇರಲಿಲ್ಲ ಆ ಕೈಗಳಲ್ಲಿ. ಎಷ್ಟೋ ಕಾಲದಿಂದ ಮಾಡಿಕೊಂಡು ಬಂದ ಕೆಲಸದಂತಿತ್ತು.

ಹನ್ನೊಂದು ವರ್ಷ ಅವಳ ಹೊಲದ ಬಟ್ಟೆ ಒಗೆದದ್ದು ಅತ್ತೆಯೇ. "ನಿನ್ನ ಸೊಂಟಕ್ಕೆ ಅಷ್ಟಾದ್ರೂ ವಿರಾಮ ಇರಲಿ," ಎಂದು ಮೊದಲ ವರ್ಷವೇ ಕಸಿದುಕೊಂಡಿದ್ದರು. ಅತಿವೃಷ್ಟಿಯಾಗಿ ಕೊಯ್ಲಿನ ಹೊತ್ತಿಗೆ ಕಾಯಿ ಗಿಡದಲ್ಲೇ ಮೊಳೆತ ವರ್ಷವಿತ್ತು. ಕಣ ತುಂಬಿ ಹರಿದ ವರ್ಷವಿತ್ತು. ಪ್ರತಿ ಸಲವೂ ಹತ್ತನೇ ತಾರೀಕು ರೇಡಿಯೋ ಹೇಳಿದಾಗ ಮನೆಯವರೆಲ್ಲ ಅಯ್ಯೋ ಎಂದೋ ಅಬ್ಬಾ ಎಂದೋ ಅನ್ನುತ್ತಿದ್ದರೆ, ಅತ್ತೆ ಮಾತ್ರ ಒಂದೇ ದನಿಯಲ್ಲಿ "ಹೌದಾ" ಅನ್ನುತ್ತಿದ್ದರು. ಇವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ ಎಂದುಕೊಂಡಿದ್ದಳು ಅವಳು. ಮಗ ಊಟದ ಹೊತ್ತಿಗೆ ಗೋಗರೆಯುತ್ತಿದ್ದಾಗ, ಎದುರಿಗೇ ಕೂತು, ಗೊತ್ತಿದ್ದೂ, ಒಂದು ಮಾತು ಆಡದೆ ಉಂಡು ಎದ್ದವರು. ಯಾರ ಮುಂದೆಯೂ ಕೈ ಎತ್ತದೆ ಹನ್ನೊಂದು ವರ್ಷ ಅವಳ ಪ್ರಮಾಣವನ್ನು ಕಾಯ್ದವರು. ಆರುನೂರು ಕೋಳಿಗಾಗಿ, ಅಥವಾ ತಳ ಹಿಡಿದ ಅನ್ನಕ್ಕಾಗಿ, ಒಂದೇ ಒಂದು ಸಲ ಬಾಯಿ ಬಿಟ್ಟರು. ಆಗಲೂ ಬಸ್ಸಿನ ಟಿಕೆಟ್ಟಿನ ಕತೆ ಕಟ್ಟಿ.

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು.

"ಹಾಲು!" ಎಂದು ಅಂಗಳದಿಂದ ಕೂಗಿದರು ಅತ್ತೆ. "ಕಿಟಕಿಲಿ ಏನು ನೋಡ್ತಿದೀಯಾ, ನನ್ನ ಮುಖದಲ್ಲೇನು ಸಿನಿಮಾ ಬರ್ತಿದೆಯಾ?"

"ಏನಿಲ್ಲ ಅತ್ತೆ. ಚಹಾ ತರ್ತೀನಿ."

ಹತ್ತನೇ ತಾರೀಕು ಹನ್ನೆರಡು ಗಂಟೆಗೆ ರೇಡಿಯೋ ಹೇಳಿತು: ಬೇಸಿಗೆಯಂಥ ಒಣಹವೆಯಿಂದ ಮೆಕ್ಕೆಜೋಳ ಹೋದ ವರ್ಷಕ್ಕಿಂತ ಏಳರಲ್ಲಿ ಒಂದು ಪಾಲು ಕಡಿಮೆ, ತಡವಾಗಿ ಬಂದ ಮಳೆಯಿಂದ ಸೋಯಾ ಚೇತರಿಸಿಕೊಂಡು ಹೆಚ್ಚುಕಡಿಮೆ ಹೋದ ವರ್ಷದಷ್ಟೇ, ಉತ್ತರದ ಜಿಲ್ಲೆಗಳ ಗೋಧಿ ಚೆನ್ನಾಗಿ ಬಂದಿರುವುದರಿಂದ ಧಾನ್ಯದ ಕೊರತೆಯಾಗದು.

"ಹೌದಾ," ಎಂದರು ಅತ್ತೆ.

ಗಂಡ ಕೂತಲ್ಲಿಂದ ಎದ್ದೇಬಿಟ್ಟ. "ಅಮ್ಮ! ಅಮ್ಮನ ಕಣ್ಣು ಅಂದ್ರೆ ಕಣ್ಣು! ಬಸ್ಸಲ್ಲಿ ಹೋಗಿ ಒಂದು ಸಲ ಬಗ್ಗಿ ನೋಡಿ ದೇಶದ ಲೆಕ್ಕ ಹೇಳಿಬಿಟ್ಲು."

"ಇಲಾಖೆಯವರು ಅಜ್ಜಿಗೆ ಕೆಲಸ ಕೊಡಬೇಕು," ಎಂದಳು ಮಗಳು. "ಅಮ್ಮನಿಗಿಂತ ಬೇಗ ಎಣಿಸ್ತಾಳೆ, ಹೇಳೂ ಹೇಳ್ತಾಳೆ."

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ನೆಲದ ಮೇಲಿದ್ದ ಒಂದು ಅನ್ನದ ಅಗುಳನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದು ತಟ್ಟೆಗೆ ಹಾಕಿಕೊಂಡರು. ಸೊಸೆ ಎದ್ದು, ಅತ್ತೆಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ದೊಡ್ಡದನ್ನು ಆರಿಸಿ.

"ಒಂದು ಸಾಕಿತ್ತು," ಎಂದರು ಅತ್ತೆ. ಆದರೆ ತಿಂದರು.

ಮೂರನೇ ಎಣಿಕೆಯ ದಿನ ಟೋಪಿ ಮುದುಕ ಹೊಲದಲ್ಲಿರಲಿಲ್ಲ. ಬದುವಿನ ಮೇಲೆ ನೀರಿನ ತಂಬಿಗೆ, ಅದರ ಮೇಲೆ ಎಲೆ ಮುಚ್ಚಿ, ಒಂದು ಸೌತೆಕಾಯಿಯ ಜೊತೆ ಇಟ್ಟುಹೋಗಿದ್ದ. ಕಾಯಿಗಳು ಬೆರಳಿಗೆ ತುಂಬಿಕೊಂಡು ಸಿಗುತ್ತಿದ್ದವು, ಒಂದೊಂದರಲ್ಲಿ ಮೂರು ಕಾಳು. ಎಣಿಸಿ, ಬರೆದು, ಮಡಚಿ, ಲಕೋಟೆಗೆ ಅರಗು ಹಾಕಿದಳು. ಸೌತೆಕಾಯಿ ತಿಂದಳು.

ಮೊಪೆಡ್ಡಿನ ಹತ್ತಿರ ಬಂದು ನಿಂತವಳು ಕೆಳಗೆ ನೋಡಿದಳು. ಪ್ಯಾಂಟ್ ಮಡಿಕೆಯಲ್ಲಿ ಎರಡು ಸೀಳಿದ ಕಾಯಿ ಇಣುಕುತ್ತಿದ್ದವು. ಅವಳು ಬಗ್ಗಿ ಮಡಿಕೆ ಬಿಡಿಸಿದಳು. ಎರಡೂ ಕಾಲಿನದನ್ನು ಚೆನ್ನಾಗಿ ಕೊಡವಿದಳು. ಷರಟಿನ ಜೇಬು ಒಳಹೊರಗು ಮಾಡಿ, ಮೂಲೆಯಲ್ಲಿ ಕೂತಿದ್ದ ಒಣ ಎಸಳನ್ನು ಉಗುರಿನಿಂದ ಕೆರೆದು ತೆಗೆದು ಹೊಲಕ್ಕೇ ಬಿಟ್ಟಳು. ಆ ಗುಟ್ಟಿನ ಭಾರ ಹೊತ್ತುಕೊಳ್ಳುತ್ತೇನೆಂದು ಕೈ ಎತ್ತಿದವಳು ತಾನು. ಎಪ್ಪತ್ತು ದಾಟಿದ ಹೆಂಗಸಿನ ತಲೆಯ ಮೇಲೆ ಇನ್ನೊಂದು ವರ್ಷ ಹೊರಿಸುವಂತಿಲ್ಲ.

ಆದರೆ ಖಾಲಿ ಜೇಬು ಕೈಗೆ ಸಿಕ್ಕಾಗ ಅತ್ತೆಗೆ ತಿಳಿದುಹೋಗುತ್ತದೆ, ಸೊಸೆಗೆ ತಿಳಿದಿದೆ ಎಂದು. ಮಣೆಯ ಮೇಲೆ ಕೂತು, ಹಾಳೆ ಹಾಸಿಕೊಂಡು, ಬರಿಗೈಯಲ್ಲಿ ಅವರು ಏನು ಮಾಡಿಯಾರು?

ಬರುವಾಗ ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ ಒಂದು ಪೆಪ್ಪರ್‌ಮಿಂಟ್ ಕೇಳಿದಳು. ಅತ್ತೆಗೆ ಅದೆಂದರೆ ಪ್ರಾಣ. ಸಕ್ಕರೆ ಕಾಯಿಲೆಯೆಂದು ಮನೆಯಲ್ಲಿ ಯಾರೂ ತರುತ್ತಿರಲಿಲ್ಲ.

"ಒಂದೇನಾ?" ಅಂಗಡಿಯವನು ಕಣ್ಣು ಕಿರಿದು ಮಾಡಿ ಅವಳನ್ನು ದಿಟ್ಟಿಸಿದ. "ಯಾಕಕ್ಕ, ಸಕ್ಕರೆ ಬೆಲೆ ಇಳಿಯುತ್ತಾ?"

ಅವಳು ಚಿಲ್ಲರೆ ಇಟ್ಟಳು. ಪೆಪ್ಪರ್‌ಮಿಂಟನ್ನು ಷರಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು. ಪ್ರತಿ ಎಣಿಕೆಗೂ ಒಂದು. ಮರೆತು ಬಿಟ್ಟವಳಂತೆ ಒಗೆಯುವ ಬುಟ್ಟಿಗೆ ಹಾಕುವುದು. ಅವರು ಕೇಳಿದರೆ, ಅವರದೇ ದನಿಯಲ್ಲಿ "ಹೌದಾ" ಅನ್ನುವುದು.